ಗಣಕಯಂತ್ರದ ದುಭಾಷಿಗಳು

ನಮ್ಮ ಕಾಸರಗೋಡಿನ ಮಕ್ಕಳಿಗೆ ದುಭಾಷಿಯೆಂದರೆ ಯಾರೆಂಬುದನ್ನು ವಿವರಿಸಬೇಕಾಗಿಲ್ಲ. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ; ಹೀಗೆ ಒಂದೇ ದಿನದಲ್ಲಿ ಮೂರು ಭಾಷೆಗಳ ನಡುವೆ ಓಡಾಡುವವರು ನಾವು. ಕಚೇರಿಯಲ್ಲಿ ಅಜ್ಜಿಯ ಮಾತನ್ನು ಗುಮಾಸ್ತರಿಗೂ ಗುಮಾಸ್ತರ ಮಾತನ್ನು ಅಜ್ಜಿಗೂ ತಿಳಿಯಹೇಳುವ ಮೊಮ್ಮಗನೇ ದುಭಾಷಿ. ಅವನು ಬಾರದ ದಿನ ಅಜ್ಜಿಯ ನಾಲಗೆಯಲ್ಲಿ ದೋಷವಿಲ್ಲ, ಗುಮಾಸ್ತರ ಕಿವಿಯಲ್ಲಿಯೂ ದೋಷವಿಲ್ಲ. ಆದರೂ ಕೆಲಸ ನಿಂತುಹೋಗುವುದು. ಲ್ಯಾಪ್‌ಟಾಪ್ ಗಣಕಯಂತ್ರದೊಳಗೂ ಇಂತಹ ದುಭಾಷಿಗಳುಂಟು. ಅವಕ್ಕೆ ಡ್ರೈವರುಗಳೆಂದು ಹೆಸರು.

ಕಳೆದ ಮಳೆಗಾಲದಲ್ಲಿ ಹತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತನ್ನ ಲ್ಯಾಪ್‌ಟಾಪನ್ನು ನಮ್ಮಲ್ಲಿಗೆ ತಂದಳು. ಯಂತ್ರವು ನಿಧಾನವಾಯಿತೆಂದು ಅಂಗಡಿಯೊಂದರಲ್ಲಿ ಅದರ ಆಪರೇಟಿಂಗ್ ಸಿಸ್ಟಮನ್ನು, ಎಂದರೆ ಯಂತ್ರವನ್ನು ನಡೆಸುವ ಮೂಲ ವ್ಯವಸ್ಥೆಯನ್ನು, ಹೊಸದಾಗಿ ಹಾಕಿಸಿದ್ದರು. ಅಂದಿನಿಂದ ಬೆರಳಾಡಿಸುವ ಫಲಕವು ಅಲುಗಾಡದು. ‘ಕನ್ನಡ’ ಎಂದು ಬರೆದರೆ ‘ಕಲಿಲೈ’ ಎಂದು ಮೂಡುವುದು. ಅವಳ ಅಜ್ಜನವರು ವರ್ಷಗಟ್ಟಲೆ ಬೆರಳಚ್ಚಿಸಿ ಕೂಡಿಟ್ಟಿದ್ದ ಪಾಡ್ದನಗಳ ಸಂಗ್ರಹವೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುವುದು. ತಂದೆಯವರು ಹೊಸ ಕೀಲಿಮಣೆಗಾಗಿ ಹಣ ಹೊಂದಿಸುತ್ತಿದ್ದರು. ಹುಡುಗಿಯಾದರೋ, ಕೆಟ್ಟುಹೋದ ಕಡತಗಳನ್ನು ಅಳಿಸಿಬಿಡಲೇ ಎಂದು ಕೇಳಿದಳು. ಪರೀಕ್ಷಿಸಿ ನೋಡಲಾಗಿ, ಆ ಯಂತ್ರದಲ್ಲಿ ಒಂದು ವಸ್ತುವೂ ಕೆಟ್ಟಿರಲಿಲ್ಲ, ಒಂದಕ್ಷರವೂ ನಷ್ಟವಾಗಿರಲಿಲ್ಲ. ಅದು ಹೇಗೆಂಬುದೇ ಈ ಪಾಠ.

1. ಕೀಲಿಯಿಂದ ಅಕ್ಷರದವರೆಗೆ

ಕೀಲಿಯನ್ನು ಒತ್ತಿದಾಗ ಕೀಲಿಮಣೆಯು ಅಕ್ಷರವನ್ನು ಕಳುಹಿಸುವುದೆಂದು ಅನೇಕರ ಭಾವನೆ. ಇದು ಸರಿಯಲ್ಲ. ಅದು ಕಳುಹಿಸುವುದು ಒಂದು ಸಂಖ್ಯೆಯನ್ನು ಮಾತ್ರ. ಉದಾಹರಣೆಗೆ, ‘ಕೆ’ ಎಂದು ಮುದ್ರಿಸಿರುವ ಕೀಲಿಯು ಸಾಮಾನ್ಯ ಗಣಕಗಳಲ್ಲಿ 37 ಎಂಬ ಸಂಖ್ಯೆಯಾಗಿ ವ್ಯವಸ್ಥೆಯನ್ನು ತಲಪುವುದು. ಈ ಸಂಖ್ಯೆಯನ್ನು ಡ್ರೈವರ್ ಬರಮಾಡಿಕೊಂಡು ವ್ಯವಸ್ಥೆಗೆ ಒಪ್ಪಿಸುವುದು. ಆ ಬಳಿಕ ಕೀಲಿಮಣೆಯ ವಿನ್ಯಾಸವೆಂಬ ಪಟ್ಟಿಯನ್ನು ನೋಡಿ, ಈ ಸಂಖ್ಯೆಗೆ ಯಾವ ಅಕ್ಷರವೆಂದು ವ್ಯವಸ್ಥೆಯು ತೀರ್ಮಾನಿಸುವುದು. ಕೊನೆಯಲ್ಲಿ ಆ ಅಕ್ಷರಕ್ಕೆ ಆಕಾರ ಕೊಟ್ಟು ತೆರೆಯ ಮೇಲೆ ತೋರಿಸುವುದು ಫಾಂಟ್, ಎಂದರೆ ಅಕ್ಷರರೂಪ.

ಹೀಗೆ ಕೀಲಿ, ಡ್ರೈವರ್, ವಿನ್ಯಾಸ, ಅಕ್ಷರರೂಪ ಎಂದು ನಾಲ್ಕು ಮೆಟ್ಟಿಲುಗಳಾದುವು. ಮೊದಲನೆಯದು ಮಾತ್ರವೇ ಹಣ ಕೊಟ್ಟು ಕೊಳ್ಳತಕ್ಕ ವಸ್ತು. ಉಳಿದ ಮೂರೂ ಬರಹದಂತೆ ಡಿಸ್ಕಿನಲ್ಲಿರುವಂಥವು. ವ್ಯವಸ್ಥೆಯನ್ನು ಹೊಸದಾಗಿ ಹಾಕುವಾಗ ಅಳಿಸಿಹೋಗುವುದು ಈ ಮೂರೇ. ಆದಕಾರಣ ಮರುಸ್ಥಾಪನೆಯಾದ ಕೂಡಲೇ ತಲೆದೋರಿದ ತೊಡಕಿಗೆ ಕೀಲಿಯನ್ನು ದೂರುವುದು ಬಹುಮಟ್ಟಿಗೆ ತಪ್ಪಾದ ತೀರ್ಪು.

2. ದುಭಾಷಿ ಬಾರದಿದ್ದಾಗ

ಕೀಲಿಗಳು ಸ್ವಲ್ಪವೂ ಕೆಲಸಮಾಡದಿದ್ದರೆ ಮೊದಲು ಒಂದು ಪರೀಕ್ಷೆಯನ್ನು ನಡೆಸಬೇಕು. ಯಂತ್ರವನ್ನು ಪೂರ್ತಿಯಾಗಿ ಆರಿಸಿ, ಮತ್ತೆ ಹೊತ್ತಿಸುವಾಗ ಅದರ ಮೂಲ ಹೊಂದಾಣಿಕೆಯ ಪರದೆಯನ್ನು ತೆರೆಯಿರಿ. ಬಯೋಸ್ ಎಂದು ಕರೆಯುವ ಈ ಪರದೆಗೆ ಹೋಗಲು ಕೆಲವು ಯಂತ್ರಗಳಲ್ಲಿ ಎಫ್2, ಕೆಲವದರಲ್ಲಿ ಡಿಲೀಟ್ ಕೀಲಿಯನ್ನು ಒತ್ತಬೇಕು. ಇದು ವಿಂಡೋಸಿಗಿಂತ ಮೊದಲೇ ಬರುವಂಥದು. ವಿಂಡೋಸಿನ ಡ್ರೈವರುಗಳ ಹಂಗು ಇದಕ್ಕಿಲ್ಲ. ಇಲ್ಲಿ ಬಾಣದ ಕೀಲಿಗಳು ನಡೆದರೆ ಕೀಲಿಮಣೆಯು ಆರೋಗ್ಯವಾಗಿದೆಯೆಂದೂ ಕೊರತೆಯಿರುವುದು ಡ್ರೈವರಿನಲ್ಲೆಂದೂ ತಿಳಿಯಬೇಕು. ಇಲ್ಲಿಯೂ ನಡೆಯದಿದ್ದರೆ ಮಾತ್ರ ರಿಪೇರಿಯ ಯೋಚನೆ ಮಾಡತಕ್ಕದ್ದು. ಅದುವರೆಗೆ ಯುಎಸ್‌ಬಿ ತಂತಿಯ ಬೇರೊಂದು ಕೀಲಿಮಣೆಯನ್ನು ಎರವಲು ತಂದು ಕೆಲಸ ಸಾಗಿಸಬಹುದು.

ವಿಂಡೋಸಿನಲ್ಲಿ ಸ್ಟಾರ್ಟ್ ಚಿಹ್ನೆಯ ಮೇಲೆ ಮೌಸಿನ ಬಲಗುಂಡಿಯನ್ನೊತ್ತಿದರೆ ಡಿವೈಸ್ ಮ್ಯಾನೇಜರ್ ಎಂಬ ಪಟ್ಟಿ ದೊರಕುವುದು. ಇದು ಯಂತ್ರದ ಹಾಜರಿ ಪುಸ್ತಕವಿದ್ದಂತೆ. ಯಾವ ಭಾಗಕ್ಕೆ ದುಭಾಷಿಯಿಲ್ಲವೋ ಅದರ ಹೆಸರಿನ ಪಕ್ಕದಲ್ಲಿ ಹಳದಿ ಬಣ್ಣದ ಆಶ್ಚರ್ಯಸೂಚಕ ಚಿಹ್ನೆಯಿರುವುದು. ಹೆಸರೇ ತಿಳಿಯದ ಭಾಗವಾದರೆ ಅದರ ಗುಣವಿವರಗಳಲ್ಲಿ ಹಾರ್ಡ್‌ವೇರ್ ಐಡಿ ಎಂಬುದನ್ನು ನೋಡಬೇಕು. ಅಲ್ಲಿ ತಯಾರಕರ ಸಂಖ್ಯೆಯು 8086 ಎಂದಿದ್ದರೆ ಇಂಟೆಲ್ ಕಂಪೆನಿಯದು. 10ಇಸಿ ಎಂದಿದ್ದರೆ ರಿಯಲ್‌ಟೆಕ್ ಕಂಪೆನಿಯದು.

ನಮ್ಮ ವಿದ್ಯಾರ್ಥಿನಿಯ ಬೆರಳಫಲಕಕ್ಕೆ ಬಂದೊದಗಿದ್ದುದು ಇದೇ. ಇತ್ತೀಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ಬೆರಳಫಲಕವು ಮಾತನಾಡುವುದು ಇನ್ನೊಂದು ಭಾಗದ ಮೂಲಕ. ಇಂಟೆಲ್ ಯಂತ್ರಗಳಲ್ಲಿ ಆ ಭಾಗಕ್ಕೆ ಸೀರಿಯಲ್ ಐಓ ಎನ್ನುವರು. ಅದರ ಡ್ರೈವರನ್ನು ಹಾಕದೆ ಫಲಕದ ಡ್ರೈವರನ್ನು ಎಷ್ಟು ಸಲ ಹಾಕಿದರೂ ಫಲವಿಲ್ಲ. ಆದಕಾರಣ ಚಿಪ್‌ಸೆಟ್ಟಿಗೆ ಸೇರಿದ ಡ್ರೈವರುಗಳನ್ನು ಮೊದಲು ಹಾಕಿ, ಉಳಿದವನ್ನು ಆಮೇಲೆ ಹಾಕುವುದು ಕ್ರಮ.

ವೈಫೈ ಡ್ರೈವರೇ ಇಲ್ಲದಿದ್ದರೆ ಡ್ರೈವರುಗಳನ್ನು ತರಿಸುವುದಾದರೂ ಹೇಗೆ? ಬಾವಿಯೊಳಗೆ ಬಿದ್ದ ಹಗ್ಗವನ್ನು ಆ ಹಗ್ಗದಿಂದಲೇ ಎತ್ತಬೇಕೆಂದಂತಾಯಿತು. ಇದಕ್ಕೂ ಉಪಾಯವುಂಟು. ಆಂಡ್ರಾಯ್ಡ್ ಮೊಬೈಲನ್ನು ತಂತಿಯಿಂದ ಜೋಡಿಸಿ, ಅದರಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಆರಿಸಿದರೆ ಅಂತರಜಾಲವು ಲ್ಯಾಪ್‌ಟಾಪಿಗೆ ಹರಿದುಬರುವುದು. ಡ್ರೈವರನ್ನಾದರೋ ಯಂತ್ರದ ಅಡಿಭಾಗದಲ್ಲಿರುವ ಮಾದರಿಸಂಖ್ಯೆಯನ್ನು ನೋಡಿ ತಯಾರಕರ ತಾಣದಿಂದಲೇ ಪಡೆಯಬೇಕು. ಎಲ್ಲ ಡ್ರೈವರುಗಳನ್ನೂ ಒಂದೇ ಏಟಿಗೆ ಕೊಡುವೆವೆಂದು ಕರೆಯುವ ಅಪರಿಚಿತ ತಾಣಗಳ ಗೊಡವೆ ಬೇಡ.

3. ವಿನ್ಯಾಸ ಬದಲಾದಾಗ

ಈಗ ‘ಕಲಿಲೈ’ ಎಂಬ ಒಗಟನ್ನು ಬಿಡಿಸೋಣ. ಆ ಹುಡುಗಿಯು ಕಲಿತಿದ್ದುದು ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾಗಿರುವ ಕಗಪ ವಿನ್ಯಾಸ. ದಕ್ಷಿಣ ಕನ್ನಡದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ವಿನ್ಯಾಸವೇ ಇದಕ್ಕೆ ಮೂಲ. ಇದರಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂಬ ಐದು ಕೀಲಿಗಳನ್ನು ಕ್ರಮವಾಗಿ ಒತ್ತಬೇಕು. ಆದರೆ ವಿಂಡೋಸ್ ತಾನಾಗಿ ಕೊಡುವ ಕನ್ನಡ ಕೀಲಿಮಣೆಯು ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು. ಅದರಲ್ಲಿ ಕೆ ಎಂದರೆ ಕ. ಎನ್ ಎಂದರೆ ಲ. ಎಫ್ ಎಂದರೆ ಗುಡಿಸು. ಡಬ್ಲ್ಯು ಎಂದರೆ ಐತ್ವ. ಕೂಡಿಸಿ ಓದಿರಿ: ಕಲಿಲೈ! ಯಂತ್ರವು ತಪ್ಪಿರಲಿಲ್ಲ, ತನಗೆ ಕೊಟ್ಟ ಪಟ್ಟಿಯಂತೆ ನಿಷ್ಠೆಯಿಂದಲೇ ಬರೆದಿತ್ತು. ನುಡಿ ತಂತ್ರಾಂಶವನ್ನು ಮರಳಿ ಹಾಕಿದ ಕೂಡಲೇ ‘ಕನ್ನಡ’ವು ಕನ್ನಡವಾಯಿತು.

ಇನ್‌ಸ್ಕ್ರಿಪ್ಟನ್ನು ಇದರಿಂದ ಹೀಗಳೆಯಬೇಕಾಗಿಲ್ಲ. ಅದರಲ್ಲಿ ಕನ್ನಡದ ಕಕಾರವಿರುವ ಕೀಲಿಯಲ್ಲೇ ಮಲೆಯಾಳದ ಕಕಾರವೂ ಇರುವುದು. ಎರಡು ಲಿಪಿಗಳನ್ನೂ ಬರೆಯಬೇಕಾದ ನಮ್ಮ ಮಕ್ಕಳಿಗೆ ಇದೊಂದು ಅನುಕೂಲವೇ ಸರಿ. ಕೇರಳದ ಶಾಲೆಗಳಲ್ಲಿ ಬಳಕೆಯಲ್ಲಿರುವ ಉಬುಂಟು ಆಧಾರಿತ ವ್ಯವಸ್ಥೆಯಂತಹವುಗಳಲ್ಲಿ ಕೀಲಿಮಣೆಯ ಪಟ್ಟಿಯನ್ನು ತೆರೆದರೆ ಕಗಪ, ಇನ್‌ಸ್ಕ್ರಿಪ್ಟ್ ಎರಡನ್ನೂ ಆರಿಸಿಕೊಳ್ಳಬಹುದು.

ಇಂಗ್ಲಿಷಿನಲ್ಲಿಯೂ ಇಂತಹ ಪೇಚಾಟವುಂಟು. ಮರುಸ್ಥಾಪನೆಯ ವೇಳೆ ಅಮೆರಿಕದ ವಿನ್ಯಾಸಕ್ಕೆ ಬದಲಾಗಿ ಬ್ರಿಟನ್ನಿನದನ್ನು ಆರಿಸಿದರೆ, ಈಮೇಲ್ ವಿಳಾಸದ ‘ಅಟ್’ ಚಿಹ್ನೆಯ ಸ್ಥಾನದಲ್ಲಿ ಉದ್ಧರಣ ಚಿಹ್ನೆ ಮೂಡುವುದು. ಗುಪ್ತಪದವನ್ನು ಸರಿಯಾಗಿ ಬರೆದರೂ ಯಂತ್ರವು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಕೆಲವು ಚಿಕ್ಕ ಲ್ಯಾಪ್‌ಟಾಪುಗಳಲ್ಲಿ ಯು, ಐ, ಓ ಕೀಲಿಗಳಿಂದ 4, 5, 6 ಎಂಬ ಅಂಕಿಗಳು ಬರುತ್ತಿದ್ದರೆ ನಮ್ ಲಾಕ್ ಎಂಬ ಕೀಲಿಯನ್ನು ಒತ್ತಿ ಅದನ್ನು ಆರಿಸಿದರೆ ಸಾಕು. ಬಲಗಡೆಯ ಶಿಫ್ಟ್ ಕೀಲಿಯನ್ನು ಎಂಟು ಸೆಕೆಂಡು ಅದುಮಿ ಹಿಡಿದರೆ ಫಿಲ್ಟರ್ ಕೀಸ್ ಎಂಬ ಸೌಕರ್ಯವು ಎಚ್ಚರಗೊಂಡು, ಮೆಲ್ಲನೆ ತಟ್ಟಿದ ಕೀಲಿಗಳನ್ನು ಲೆಕ್ಕಿಸದೆ ಬಿಡಬಹುದು. ಕೀಲಿಗಳು ಸತ್ತಂತೆ ತೋರಿದಾಗ ಇದನ್ನೂ ಪರಿಶೀಲಿಸಬೇಕು.

4. ಹಳೆಯ ಬರಹವು ಅಪರಿಚಿತವಾದಾಗ

ಎಲ್ಲಕ್ಕಿಂತ ಮುಖ್ಯವಾದುದು ಅಜ್ಜನವರ ಪಾಡ್ದನಗಳ ಸಂಗತಿ. ಯುನಿಕೋಡ್ ಎಂಬ ಜಾಗತಿಕ ಸಂಕೇತಕ್ರಮದಲ್ಲಿ ಪ್ರತಿಯೊಂದು ಲಿಪಿಯ ಪ್ರತಿಯೊಂದು ಅಕ್ಷರಕ್ಕೂ ತನ್ನದೇ ಆದ ಸಂಖ್ಯೆಯುಂಟು; 1991ರ ಮೊದಲನೆಯ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನ ದೊರೆತಿದೆ. ಕಕಾರದ ಸಂಖ್ಯೆ 3221. ಯಾವ ಊರಿನ ಯಾವ ಯಂತ್ರದಲ್ಲಿಯೂ ಅದು ಬದಲಾಗದು. ಆದರೆ ಈ ಕ್ರಮವು ರೂಢಿಗೆ ಬರುವ ಮುನ್ನ, ಹಳೆಯ ಕನ್ನಡ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನೇ ಎರವಲು ಪಡೆದು, ಫಾಂಟಿನ ಬಲದಿಂದ ಅವುಗಳಿಗೆ ಕನ್ನಡದ ವೇಷವನ್ನು ತೊಡಿಸುತ್ತಿದ್ದುವು. ಫಾಂಟ್ ಅಳಿದೊಡನೆ ವೇಷವು ಕಳಚಿಬೀಳುವುದು. ಹಳೆಯ ನುಡಿಯ ‘ಕನ್ನಡ’ ಎಂಬ ಪದವು ಆಗ ‘ಪಿ’ ಎಂಬ ಇಂಗ್ಲಿಷ್ ಅಕ್ಷರದಿಂದ ಮೊದಲಾಗಿ, ನಡುವೆ ಪೌಂಡ್ ನಾಣ್ಯದ ಚಿಹ್ನೆಯನ್ನೂ ಹೊತ್ತು ನಿಲ್ಲುವುದು.

ಇದನ್ನು ಕಂಡು ಕಡತವು ಹಾಳಾಯಿತೆಂದು ಅಳಿಸಿದವರಿಗೆ ಅದು ಮರಳಿ ದೊರೆಯುವುದು ದುರ್ಲಭ. ನಾವು ಹಳೆಯ ನುಡಿ ಫಾಂಟನ್ನು ಹುಡುಕಿ ಸ್ಥಾಪಿಸಿದೆವು. ಮರುಕ್ಷಣದಲ್ಲಿ ಪಾಡ್ದನಗಳು ಸಾಲುಸಾಲಾಗಿ ಎದ್ದುನಿಂತುವು. ಹುಡುಗಿಯು ಮೊದಲನೆಯ ಪುಟವನ್ನು ಗಟ್ಟಿಯಾಗಿ ಓದಿದಳು. ಅವಳ ತಂದೆಯವರು ಮಾತನಾಡದೆ ಕೇಳುತ್ತ ನಿಂತರು. ಬಳಿಕ ಪರಿವರ್ತಕ ತಂತ್ರಾಂಶದಿಂದ ಆ ಕಡತಗಳನ್ನು ಯುನಿಕೋಡಿಗೆ ಬದಲಾಯಿಸಿಕೊಂಡೆವು. ಪರಿವರ್ತನೆಯಲ್ಲಿ ಒತ್ತಕ್ಷರಗಳು ತಪ್ಪಬಹುದಾದುದರಿಂದ ಮೂಲಪ್ರತಿಯನ್ನೂ ಹಾಗೆಯೇ ಉಳಿಸಿದೆವು.

5. ಮರುಸ್ಥಾಪನೆಗೆ ಮುನ್ನ

ಹಿರಿಯರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ. ಯಂತ್ರವನ್ನು ಅಂಗಡಿಗೆ ಒಪ್ಪಿಸುವ ಮುನ್ನ ಮನೆಯ ಬರಹ, ಭಾವಚಿತ್ರ, ದಾಖಲೆಗಳನ್ನು ಬೇರೊಂದು ಡಿಸ್ಕಿಗೆ ನಕಲುಮಾಡಿ, ಆ ನಕಲು ತೆರೆಯುವುದೇ ಎಂದು ಕಣ್ಣಾರೆ ನೋಡಿರಿ. ವೈಫೈ ಹಾಗೂ ಚಿಪ್‌ಸೆಟ್ ಡ್ರೈವರುಗಳನ್ನು ಪೆನ್‌ಡ್ರೈವಿನಲ್ಲಿ ತೆಗೆದಿರಿಸಿರಿ. ಬಳಸುವ ಫಾಂಟುಗಳ ಮತ್ತು ಕೀಲಿಮಣೆಯ ವಿನ್ಯಾಸದ ಹೆಸರನ್ನು ಚೀಟಿಯಲ್ಲಿ ಬರೆದಿಡಿರಿ. ಹಳೆಯ ಪರಿಚಯವೆಂದು ವಿಂಡೋಸ್ 7ನ್ನೇ ಹಾಕಿಸಬೇಡಿರಿ. 2020ರ ಜನವರಿಯಲ್ಲಿ ಅದರ ಪೋಷಣೆ ನಿಂತಿದೆ. ಯುಎಸ್‌ಬಿ 3ರ ಡ್ರೈವರ್ ಅದರಲ್ಲಿ ಇಲ್ಲದಿರುವುದರಿಂದ ಹೊಸ ಯಂತ್ರಗಳಲ್ಲಿ ಎರವಲು ಕೀಲಿಮಣೆಯೂ ನಡೆಯದೆ ಹೋಗಬಹುದು.

ವಿದ್ಯಾರ್ಥಿಗಳೇ, ತೊಡಕು ಬಂದಾಗ ಮೊದಲನೆಯ ಮೆಟ್ಟಿಲಿನಿಂದ ತೊಡಗಿ ಒಂದೊಂದಾಗಿ ಪರೀಕ್ಷಿಸಿರಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿರಿ. ಅರ್ಥವಾಗದ ಬರಹವೆಲ್ಲ ಅರ್ಥವಿಲ್ಲದ ಬರಹವಲ್ಲ. ಓದಿಸುವ ದುಭಾಷಿಯನ್ನು ಹುಡುಕುವವರೆಗೆ ಅದನ್ನು ಅಳಿಸದಿರುವುದೇ ವಿವೇಕ.

ಅಭ್ಯಾಸ

1. ಬಯೋಸ್ ಪರದೆಯಲ್ಲಿ ಕೀಲಿಗಳು ನಡೆದು ವಿಂಡೋಸಿನಲ್ಲಿ ನಡೆಯದಿದ್ದರೆ ದೋಷವು ಎಲ್ಲಿರಬಹುದು?
2. ‘ಕನ್ನಡ’ವು ‘ಕಲಿಲೈ’ ಆದುದೇಕೆ?
3. ನಿಮ್ಮ ಮನೆಯ ಗಣಕದಲ್ಲಿರುವ ಹಿರಿಯರ ಬರಹಗಳು ಯುನಿಕೋಡಿನಲ್ಲಿವೆಯೇ, ಹಳೆಯ ಫಾಂಟಿನಲ್ಲಿವೆಯೇ? ನೋಡಿ ಬರೆಯಿರಿ.