ಆತ್ಮರಕ್ಷಣೆಯ ಪೆಪ್ಪರ್ ಸ್ಪ್ರೇ: ಕೊಳ್ಳುವ ಮುನ್ನ ತಿಳಿದಿರಬೇಕಾದ ಸಂಗತಿಗಳು



ಬೋರ್ಡೋ ದ್ರಾವಣ, ಕೊಳೆರೋಗ, ಕಾಯಿಕೊರಕಗಳ ವಿಷಯ ಬರೆಯುತ್ತಿದ್ದ ಈ ಪುಟದಲ್ಲಿ ಈ ಸಲ ಬೇರೊಂದು ಸಿಂಪಡಣೆಯ ವಿಷಯ ಬರೆಯಬೇಕಾಗಿದೆ. ನಮ್ಮ ಸದಸ್ಯರೊಬ್ಬರ ಮಗಳು ಪೇಟೆಯ ಆಸ್ಪತ್ರೆಯಲ್ಲಿ ದಾದಿ. ಕೊನೆಯ ಬಸ್ಸಿಳಿದರೆ ಮನೆಗೆ ತೋಟದೊಳಗಿನ ಒಂದು ಮೈಲಿ ದಾರಿ. ಕಳೆದ ತಿಂಗಳು ಯಾರೋ ಇಬ್ಬರು ಆಕೆಯನ್ನು ಹಿಂಬಾಲಿಸಿದರು. ಲೈನ್ ಮನೆಗಳ ದೀಪ ಹತ್ತಿರವಿದ್ದುದರಿಂದ ಪಾರಾದಳು. ಮಾರನೆಯ ದಿನ ತಂದೆ ಕಚೇರಿಗೆ ಬಂದು, "ಸೆಕ್ರೆಟರಿಯವರೇ, ಪೆಪ್ಪರ್ ಸ್ಪ್ರೇ ಅಂತಾರಲ್ಲ, ಯಾವುದು ತರಿಸಲಿ?" ಎಂದು ಕೇಳಿದರು. ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ವಿಚಾರಿಸಿ, ಪರೀಕ್ಷಿಸಿ ತಿಳಿದುದನ್ನು ಇಲ್ಲಿ ಕೊಟ್ಟಿದ್ದೇವೆ.

ಇದರಲ್ಲಿರುವುದು ಏನು?

ಹೆಸರು ಕೇಳಿ ನಮ್ಮ ಬಳ್ಳಿಯ ಕಾಳುಮೆಣಸಿಗೆ ಹೊಸ ಗಿರಾಕಿ ಸಿಕ್ಕಿತೆಂದು ಕೆಲವರು ಹಿಗ್ಗಿದ್ದುಂಟು. ಅದು ತಪ್ಪು ತಿಳಿವಳಿಕೆ. ಕಾಳುಮೆಣಸಿನ ಖಾರಕ್ಕೆ ಪೈಪರಿನ್ ಕಾರಣ. ಈ ಡಬ್ಬಿಯಲ್ಲಿರುವುದು ಒಣಮೆಣಸಿನಕಾಯಿಯಿಂದ ತೆಗೆದ ಎಣ್ಣೆಯಂಥ ಸಾರ. ಅದರ ಖಾರಕ್ಕೆ ಕ್ಯಾಪ್ಸೈಸಿನ್ ಮತ್ತು ಅದರ ಜಾತಿಯ ವಸ್ತುಗಳು ಕಾರಣ. ಮುಖಕ್ಕೆ ತಗುಲಿದೊಡನೆ ಕಣ್ಣು ಮುಚ್ಚಿಹೋಗುತ್ತದೆ, ಕೆಮ್ಮು ಬರುತ್ತದೆ, ಚರ್ಮ ಉರಿಯುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಬಾಧೆ ಇಳಿಯುತ್ತದೆ.

ಅಂಕಿಗೆ ಮರುಳಾಗಬಾರದು

ಒಂದು ಡಬ್ಬಿಯ ಮೇಲೆ ಶೇಕಡ 10 ಸಾರ, ಇನ್ನೊಂದರ ಮೇಲೆ ಶೇಕಡ 2 ಎಂದಿದ್ದರೆ ಮೊದಲನೆಯದೇ ಹೆಚ್ಚು ಖಾರ ಎನ್ನುವಂತಿಲ್ಲ. ಬ್ಯಾಡಗಿ ಮೆಣಸಿನಕಾಯಿ ನಾಲ್ಕು ಹಾಕಿದರೂ ಸಾರಿಗೆ ಬಣ್ಣವೇ ಹೆಚ್ಚು. ಸೂಜಿಮೆಣಸು ಒಂದೇ ಸಾಕು. ಸಾರದ ಪ್ರಮಾಣ ಬೇರೆ, ಅದರೊಳಗಿನ ಖಾರ ಬೇರೆ. 1912ರಲ್ಲಿ ವಿಲ್ಬರ್ ಸ್ಕೊವಿಲ್ ಎಂಬ ಅಮೆರಿಕದ ಔಷಧತಜ್ಞರು ರೂಪಿಸಿದ ಸ್ಕೊವಿಲ್ ಅಳತೆಯನ್ನು ಲಕ್ಷಗಟ್ಟಲೆಯಲ್ಲಿ ಮುದ್ರಿಸುವುದೂ ಉಂಟು. ಅನೇಕ ವೇಳೆ ಅದು ಬೆರಕೆಗೆ ಮೊದಲಿನ ಸಾರದ ಖಾರವೇ ಹೊರತು ಡಬ್ಬಿಯಿಂದ ಹೊರಬೀಳುವ ದ್ರವದ್ದಲ್ಲ. ಡಬ್ಬಿಯ ದ್ರವದಲ್ಲಿ ಕ್ಯಾಪ್ಸೈಸಿನ್ ಜಾತಿಯ ವಸ್ತುಗಳು ಶೇಕಡ ಎಷ್ಟಿವೆ ಎಂದು ಬರೆದಿದ್ದರೆ ಆ ಅಂಕಿಯನ್ನು ನಂಬಬಹುದು.

ಧಾರೆಯೋ, ಮಂಜೋ?

ಇದೇ ಮುಖ್ಯವಾದ ಆಯ್ಕೆ. ಮಂಜಿನಂತೆ ಹರಡುವುದಕ್ಕೆ ಗುರಿ ಅಷ್ಟಾಗಿ ಬೇಡ, ಆದರೆ ಗಾಳಿ ತಿರುಗಿದರೆ ಹೊಡೆದವರ ಮುಖಕ್ಕೇ ಬರುತ್ತದೆ. ಧಾರೆಯಾಗಿ ಚಿಮ್ಮುವುದು ಮತ್ತು ಅಂಟಿನಂಥ ಜೆಲ್ ಗಾಳಿಗೆ ಅಷ್ಟು ಚದುರುವುದಿಲ್ಲ. ಆದರೆ ಮುಖಕ್ಕೆ ಸರಿಯಾಗಿ ಗುರಿ ಇಡಬೇಕು, ಜೆಲ್ ಉರಿ ಹತ್ತಲು ಕೊಂಚ ತಡವಾಗಬಹುದು.

ಮಂಜಿನ ಮಾದರಿಯೊಂದನ್ನು ಗೋದಾಮಿನ ಹಿಂದೆ ಪರೀಕ್ಷಿಸಹೋಗಿ ನಾವೇ ಪಾಠ ಕಲಿತೆವು. ಮೂವತ್ತು ವರ್ಷ ಬೋರ್ಡೋ ಹೊಡೆಸುವಾಗ ಆಳುಗಳಿಗೆ "ಗಾಳಿ ನೋಡ್ರಪ್ಪ" ಎಂದು ಹೇಳಿದ ನಾವು, ಆ ದಿನ ಗಾಳಿ ನೋಡುವುದನ್ನು ಮರೆತು ಅರ್ಧ ಗಂಟೆ ನಲ್ಲಿಯ ಕೆಳಗೆ ಮುಖವಿಟ್ಟು ನಿಲ್ಲಬೇಕಾಯಿತು. ಕೋಣೆಯೊಳಗೆ ಅಪಾಯ ಇನ್ನೂ ಹೆಚ್ಚು. 2014ರ ಫೆಬ್ರವರಿ 13ರಂದು ಲೋಕಸಭೆಯಲ್ಲಿ ಸದಸ್ಯರೊಬ್ಬರು ಇದನ್ನು ಸಿಂಪಡಿಸಿದಾಗ ಸಭೆಯಲ್ಲಿದ್ದ ಹಲವರು ಕೆಮ್ಮುತ್ತ ಹೊರಗೋಡಿದರು, ಕೆಲವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಆದ್ದರಿಂದ ತೋಟದ ದಾರಿಗೂ ಬಸ್ ನಿಲ್ದಾಣಕ್ಕೂ ಧಾರೆ ಅಥವಾ ಜೆಲ್ ಮಾದರಿಯೇ ಲೇಸೆಂದು ನಮ್ಮ ಅಭಿಪ್ರಾಯ.

ಕೊಳ್ಳುವಾಗ ಗಮನಿಸತಕ್ಕ ಅಂಶಗಳು

1. ಅವಧಿಯ ದಿನಾಂಕ. ಹಳೆಯ ಡಬ್ಬಿಯಲ್ಲಿ ಖಾರ ಉಳಿದಿದ್ದರೂ ಒತ್ತಡ ಕುಗ್ಗಿ ಧಾರೆ ಕಾಲಬುಡಕ್ಕೇ ಬೀಳಬಹುದು.
2. ಸುರಕ್ಷಾ ಗುಂಡಿ. ಚೀಲದಲ್ಲಿ ತಾನಾಗಿ ಒತ್ತಿಕೊಳ್ಳಬಾರದು. ಆದರೆ ಕತ್ತಲೆಯಲ್ಲಿ ಒಂದೇ ಹೆಬ್ಬೆರಳಿಗೆ ತೆರೆಯಬೇಕು.
3. ಚಿಮ್ಮುವ ದೂರ. ಚಿಕ್ಕ ಡಬ್ಬಿಗಳಿಗೆ ಸುಮಾರು 10 ಅಡಿ. ಒಟ್ಟು ಕೆಲವು ಸೆಕೆಂಡುಗಳಷ್ಟೇ ಬರುತ್ತದೆ.
4. ಇಡುವ ಜಾಗ. ಚೀಲದ ತಳದಲ್ಲಿದ್ದರೆ ಇಲ್ಲದಂತೆಯೇ. ಬಸ್ಸಿಳಿಯುವಾಗಲೇ ಕೈಯಲ್ಲಿರಬೇಕು. ಬಿಸಿಲಿನಲ್ಲಿ ನಿಂತ ಜೀಪಿನೊಳಗೆ ಬಿಡಬಾರದು, ಮಕ್ಕಳ ಕೈಗೆ ಸಿಗಬಾರದು.

ತಂದ ದಿನವೇ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ, ಅರ್ಧ ಸೆಕೆಂಡು ಒತ್ತಿ ನೋಡಿ. ಯಾರಿಗಾಗಿ ತಂದಿರೋ ಅವರ ಕೈಯಿಂದಲೇ ಒತ್ತಿಸಿ.

ಬಳಕೆ ಮತ್ತು ಕಾನೂನು

ಇದು ಓಡಿ ಪಾರಾಗಲು ಕೊಂಚ ಸಮಯ ದೊರಕಿಸುವ ಸಾಧನ, ಜಗಳ ಗೆಲ್ಲುವ ಸಾಧನವಲ್ಲ. ಮುಖಕ್ಕೆ ಹೊಡೆದು, ಪಕ್ಕಕ್ಕೆ ಸರಿದು, ಬೆಳಕಿರುವ ಕಡೆಗೆ ಓಡಿ 112ಕ್ಕೆ ಕರೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೆಯ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಕೊಡುತ್ತವೆ. ಆದರೆ ರಕ್ಷಣೆಗೆ ಅಗತ್ಯವಾದುದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಜಾಗದ ತಕರಾರಿನಲ್ಲಿ ಪೆಪ್ಪರ್ ಸ್ಪ್ರೇ ಬಳಸಿದ ಪ್ರಕರಣವೊಂದನ್ನು ರದ್ದುಪಡಿಸಲು ಕರ್ನಾಟಕ ಹೈಕೋರ್ಟ್ 2024ರಲ್ಲಿ ನಿರಾಕರಿಸಿತು. ಪ್ರಾಣಕ್ಕೆ ತಕ್ಷಣದ ಅಪಾಯವಿರಲಿಲ್ಲವೆಂದೂ ಇದು ಅಪಾಯಕಾರಿ ಆಯುಧವೆಂದೂ ಹೇಳಿತು. ಬೇಲಿ ಜಗಳಕ್ಕೆ, ನೀರಿನ ಜಗಳಕ್ಕೆ ಇದನ್ನು ಜೇಬಿನಲ್ಲಿ ಒಯ್ಯುವವರು ಈ ಮಾತನ್ನು ನೆನಪಿಡಬೇಕು.

ಅಕಸ್ಮಾತ್ ನಮಗೇ ತಗುಲಿದರೆ

ಕಣ್ಣುಜ್ಜಬಾರದು. ಗಾಳಿಯಾಡುವ ಕಡೆ ಬಂದು, ಹದಿನೈದು ನಿಮಿಷ ಧಾರಾಳವಾಗಿ ತಣ್ಣೀರು ಬಿಡುತ್ತ ಕಣ್ಣು ಮಿಟುಕಿಸಬೇಕು. ಸಾರವು ಎಣ್ಣೆಯಂಥದ್ದಾದ್ದರಿಂದ ಚರ್ಮವನ್ನು ಸೋಪಿನಿಂದ ತೊಳೆಯಬೇಕು, ಎಣ್ಣೆ ಸವರಬಾರದು. ಉಬ್ಬಸವಿರುವವರಿಗೆ ತಗುಲಿದರೆ, ಇಲ್ಲವೇ ಉಸಿರು ಕಟ್ಟಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಆ ಸದಸ್ಯರು ಧಾರೆಯ ಮಾದರಿಯ ಒಂದು ಡಬ್ಬಿ ತರಿಸಿದ್ದಾರೆ. ಮಗಳು ಅಂಗಳದಲ್ಲಿ ಅಡಕೆ ಮರಕ್ಕೆ ಗುರಿಯಿಟ್ಟು ಒಂದು ಸಲ ಒತ್ತಿ ನೋಡಿದ್ದಾಳೆ. ಅಷ್ಟಕ್ಕೇ ಬಿಡದೆ, ಅಕ್ಕಪಕ್ಕದ ಮೂರು ಮನೆಯವರು ಸರದಿಯಂತೆ ರಾತ್ರಿ ಟಾರ್ಚು ಹಿಡಿದು ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದಾರೆ. ನಿಮ್ಮ ಊರಿನಲ್ಲಿಯೂ ಕೊನೆಯ ಬಸ್ಸಿಗೆ ಬರುವ ಹೆಣ್ಣುಮಕ್ಕಳು ಯಾರಿದ್ದಾರೆಂದು ವಿಚಾರಿಸಿ, ಡಬ್ಬಿ ತರಿಸುವ ಮುನ್ನವೇ ಈ ಸರದಿಯ ಏರ್ಪಾಡು ಮಾಡಬೇಕೆಂದು ಸದಸ್ಯರಲ್ಲಿ ನಮ್ಮ ವಿನಂತಿ.

— ಕಾರ್ಯದರ್ಶಿ