ಕ್ಯಾಮೆರಾ ಟ್ರ್ಯಾಪ್ ಚಿತ್ರ ಸ್ಪಷ್ಟವಾಗಿ ಬರಲು ಏಳು ಸೂತ್ರಗಳು

ಹುಲಿಯ ಮೈಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. ಈ ಗುರುತನ್ನೇ ಆಧರಿಸಿ ವನ್ಯಜೀವಿ ವಿಜ್ಞಾನಿ ಡಾ. ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ, ಪ್ರಾಣಿ ಹಾದುಹೋದಾಗ ತಾನಾಗಿಯೇ ಚಿತ್ರ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ನಿಂದ ಹುಲಿಗಳ ಸಂಖ್ಯೆ ಅಂದಾಜಿಸುವ ಕ್ರಮ ರೂಪಿಸಿ, 1995ರಲ್ಲಿ ಪ್ರಕಟಿಸಿದರು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಕಾಡಂಚಿನಲ್ಲಾಗಲಿ, ಕೆ.ಆರ್. ನಗರದ ಕಬ್ಬಿನ ಗದ್ದೆಯಲ್ಲಾಗಲಿ, ಹೆಜ್ಜೆ ಕಂಡಾಗ ನೆರವಿಗೆ ಬರುವುದು ಇದೇ ಕ್ಯಾಮೆರಾ. ಇವುಗಳಲ್ಲಿ ಹೆಚ್ಚಿನವುಗಳ ಫೋಕಸ್ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. ಪ್ರಾಣಿ ಎಲ್ಲಿ ನಿಂತರೂ ಲೆನ್ಸ್ ಕದಲದು. ಹಾಗಾಗಿ ಅಳತೆಯ ಹೊಣೆ ಕಟ್ಟುವವರದೇ.

1. ಮೊದಲು ಅಂಗಳದಲ್ಲಿ ಪರೀಕ್ಷಿಸಿ. 3, 6, 10, 15, 20 ಅಡಿಗೆ ಒಂದೊಂದು ದಿನಪತ್ರಿಕೆಯ ಹಾಳೆಯನ್ನು ಒಂದನ್ನೊಂದು ಮರೆಮಾಡದಂತೆ ನಿಲ್ಲಿಸಿ ಚಿತ್ರ ತೆಗೆಯಿರಿ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ. ಅಕ್ಷರದ ಅಂಚು ಎಷ್ಟು ಅಡಿಯಿಂದ ಚುರುಕಾಗಿದೆಯೋ ಅದನ್ನು ಕ್ಯಾಮೆರಾದ ಬೆನ್ನಿಗೆ ಬರೆದಿಡಿ.

2. ಲೆಕ್ಕ ತಿಳಿದಿರಲಿ. ಹಳೆಯ ಫಿಲಂ ಕ್ಯಾಮೆರಾದ 35 ಮಿ.ಮೀ. ಲೆನ್ಸನ್ನು ಎಫ್ 8 ಅಪರ್ಚರಿನಲ್ಲಿ ಸುಮಾರು 5 ಮೀಟರಿಗೆ ಹೊಂದಿಸಿದರೆ, ಅದರ ಅರ್ಧ, ಅಂದರೆ ಎರಡೂವರೆ ಮೀಟರಿನಿಂದ ದೂರದ ಗುಡ್ಡದವರೆಗೂ ಸ್ಪಷ್ಟ. ಅದಕ್ಕಿಂತ ಹತ್ತಿರ ಬಂದದ್ದು ಮಸುಕು.

3. ರಾತ್ರಿ ಮತ್ತೊಮ್ಮೆ ಪರೀಕ್ಷಿಸಿ. ಹಲವು ಕ್ಯಾಮೆರಾಗಳು ರಾತ್ರಿ ಬಳಸುವ ಇನ್‌ಫ್ರಾರೆಡ್ ಬೆಳಕು ಸಾಮಾನ್ಯ ಲೆನ್ಸಿನಲ್ಲಿ ಹಗಲು ಬೆಳಕಿಗಿಂತ ತುಸು ಹಿಂದೆ ಕೂಡುತ್ತದೆ. ಹಗಲಿನಲ್ಲಿ ಚೊಕ್ಕವಾಗಿರುವ ಕ್ಯಾಮೆರಾ ರಾತ್ರಿ ಕೈಕೊಡಬಹುದು.

4. ಮಸುಕಿನ ಮೂಲ ಹುಡುಕಿ. ಪ್ರಾಣಿ ಮಾತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಅದು ಓಟದ ಫಲ. ಇಡೀ ಚಿತ್ರ ಮಂಕಾದರೆ ಫೋಕಸ್ ಅಥವಾ ತೇವ. ಪತ್ರಿಕೆಯ ಹಾಳೆಯ ಒಂದು ಮೂಲೆ ಮಾತ್ರ ಮಸುಕಾದರೆ ಲೆನ್ಸ್ ಓರೆಯಾಗಿರಬಹುದು.

5. ಲೆನ್ಸ್ ತಿರುಗಿಸಲು ಆತುರ ಬೇಡ. ಪುಟ್ಟ ಲೆನ್ಸುಗಳಲ್ಲಿ ಸಾಮಾನ್ಯವಾದ ಎಂ12 ಅಳತೆಯ ತಿರುಪು ಒಂದು ಸುತ್ತಿಗೆ ಅರ್ಧ ಮಿ.ಮೀ. ಸರಿಯುತ್ತದೆ. 4 ಮಿ.ಮೀ. ಲೆನ್ಸಿನ ಫೋಕಸನ್ನು ದಿಗಂತದಿಂದ 3 ಮೀಟರಿಗೆ ತರಲು ಸುಮಾರು 4 ಡಿಗ್ರಿ ತಿರುಗಿಸಿದರೆ ಸಾಕು. ಮೊದಲಿದ್ದ ಜಾಗಕ್ಕೆ ಗುರುತು ಹಾಕಿಕೊಳ್ಳಿ. ವಾರಂಟಿ ಇದ್ದರೆ ಬಿಚ್ಚಲೇಬೇಡಿ.

6. ಟೇಪು ಹಿಡಿದೇ ಕಟ್ಟಿ. ಹಾದಿಯ ನಡುವಿನಿಂದ 10ರಿಂದ 13 ಅಡಿ ದೂರ, ಮೊಣಕಾಲೆತ್ತರ, ಹಾದಿಗೆ ಅಡ್ಡ ನೋಟ. ಹುಲಿಯ ಎರಡು ಮಗ್ಗುಲಿನ ಪಟ್ಟೆ ಬೇರೆ ಬೇರೆ. ಆದ್ದರಿಂದ ಎರಡೂ ಬದಿಗೆ ಒಂದೊಂದು ಕ್ಯಾಮೆರಾ ಇರಲಿ. ಒಂದರ ಫ್ಲ್ಯಾಶ್ ಇನ್ನೊಂದಕ್ಕೆ ಹೊಡೆಯದಂತೆ ತುಸು ಹಿಂದೆಮುಂದೆ ಕಟ್ಟಿ.

7. ತೇವ ತಡೆಯಿರಿ. ಮಳೆಗಾಲಕ್ಕೆ ಮುನ್ನ ರಬ್ಬರ್ ವಾಷರ್ ನೋಡಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ, ಗಾಜನ್ನು ಮೆತ್ತನೆ ಬಟ್ಟೆಯಿಂದ ಒರೆಸಿ.

ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನೊಳಗೆ ಕ್ಯಾಮೆರಾ ಕಟ್ಟಬೇಡಿ. ನಿಮ್ಮ ಹೊಲದ ಕ್ಯಾಮೆರಾದಲ್ಲಿ ಹುಲಿ, ಚಿರತೆ ಸೆರೆಯಾದರೆ ಚಿತ್ರವನ್ನು ಮೊದಲು ವಲಯ ಅರಣ್ಯ ಕಚೇರಿಗೆ ತಲುಪಿಸಿ. ಮಸುಕು ಚಿತ್ರ ಊರಿಗೆ ವದಂತಿ ಹಬ್ಬಿಸುತ್ತದೆ. ಸ್ಪಷ್ಟ ಚಿತ್ರ ಜನರನ್ನೂ ಪ್ರಾಣಿಯನ್ನೂ ಉಳಿಸುತ್ತದೆ.