ಬಾಕಿ ಎಷ್ಟೆಂದು ರುಜುವಾತು ಮಾಡಬೇಕಾದವರು ಯಾರು?

ರಬಕವಿ-ಬನಹಟ್ಟಿಯ ನೇಕಾರರಿಗೆ ಸೀರೆ ಹೋದರೆ ದುಡ್ಡು. ಮುಧೋಳ, ಜಮಖಂಡಿಯ ಕಬ್ಬು ಬೆಳೆಗಾರರಿಗೆ ಕಾರ್ಖಾನೆಯ ಬಿಲ್ಲು ಬಂದಾಗ ದುಡ್ಡು. ಗೃಹಸಾಲದ ಕಂತಿಗೆ ಮಾತ್ರ ತಿಂಗಳ ತಾರೀಖು ಗೊತ್ತಾಗಿದೆ. ಹೀಗಾಗಿ ನಾಲ್ಕು ತಿಂಗಳು ಕಂತು ತಪ್ಪುತ್ತದೆ, ಐದನೇ ತಿಂಗಳು ಒಮ್ಮೆಲೇ ಕಟ್ಟುತ್ತಾರೆ. ಕಟ್ಟಿದ್ದರಲ್ಲಿ ಅಸಲಿಗೆ ಎಷ್ಟು ಹೋಯಿತು, ಬಡ್ಡಿಗೆಷ್ಟು, ದಂಡಕ್ಕೆಷ್ಟು ಎಂದು ಯಾರೂ ಕೇಳುವುದಿಲ್ಲ. ಆಮೇಲೆ ಸಮನ್ಸ್ ಬರುತ್ತದೆ. 'ಸಾಲ ತಗೊಂಡದ್ದು ಖರೆ, ಕೋರ್ಟಿಗೆ ಹೋಗಿ ಏನು ಹೇಳೋದು' ಎಂದು ಮನೆಯಲ್ಲೇ ಕುಳಿತರೆ ದಾವೆಯಲ್ಲಿ ಬರೆದ ಮೊತ್ತಕ್ಕೇ ಏಕಪಕ್ಷೀಯ ಡಿಕ್ರಿ ಆಗಿಬಿಡಬಹುದು.

ಸಾಲ ಪಡೆದದ್ದು ಒಂದು ಸಂಗತಿ, ಇಂದು ಬಾಕಿ ಎಷ್ಟು ಎಂಬುದು ಇನ್ನೊಂದು. ಎರಡನೆಯದನ್ನು ರುಜುವಾತು ಮಾಡುವ ಹೊಣೆ ಬ್ಯಾಂಕಿನದು. 1891ರ ಬ್ಯಾಂಕರುಗಳ ಪುಸ್ತಕ ಸಾಕ್ಷ್ಯ ಕಾಯ್ದೆಯಂತೆ ಬ್ಯಾಂಕು ತನ್ನ ಮೂಲ ಲೆಜರನ್ನು ತರಬೇಕಿಲ್ಲ, ದೃಢೀಕೃತ ಖಾತೆ ಉತಾರ ಕೊಟ್ಟರೆ ನಡೆಯುತ್ತದೆ. ಕಂಪ್ಯೂಟರಿನಿಂದ ತೆಗೆದ ಪ್ರತಿಯಾದರೆ ಕಾನೂನು ಹೇಳಿದ ಪ್ರಮಾಣಪತ್ರವೂ ಜೊತೆಗಿರಬೇಕು. ಆದರೆ ಲೆಕ್ಕಪುಸ್ತಕದ ನಮೂದು ಒಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲಾಗದು. ಹಳೆಯ ಸಾಕ್ಷ್ಯ ಕಾಯ್ದೆಯ 34ನೇ ಕಲಮಿನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮಿನಲ್ಲೂ ಉಳಿದಿದೆ. ಚಂದ್ರಧರ ಗೋಸ್ವಾಮಿ ವಿರುದ್ಧ ಗೌಹಾಟಿ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹಿಡಿಯಿತು: ಸಾಲಗಾರ ಒಪ್ಪದ ನಮೂದಿಗೆ ಖಾತೆಯ ಪ್ರತಿಯೊಂದೇ ಸಾಲದು, ಬೇರೆ ಪುರಾವೆಯೂ ಬೇಕು.

'ಒಪ್ಪದ' ಎಂಬಲ್ಲೇ ಸಾಲಗಾರನ ಕೆಲಸವಿದೆ. ಸಮನ್ಸ್ ತಲುಪಿದ 30 ದಿನದೊಳಗೆ ಕೈಫಿಯತ್ತು, ಅಂದರೆ ಲಿಖಿತ ಹೇಳಿಕೆ, ಸಲ್ಲಿಸಬೇಕು. ಕಾರಣ ಕೊಟ್ಟರೆ ನ್ಯಾಯಾಲಯ 90 ದಿನದವರೆಗೂ ಅವಕಾಶ ಕೊಡಬಹುದು. 'ದಾವೆಯೆಲ್ಲ ಸುಳ್ಳು' ಎಂದು ಒಂದೇ ಸಾಲಿನಲ್ಲಿ ಬರೆದರೆ ಪ್ರಯೋಜನವಿಲ್ಲ. ನಿರ್ದಿಷ್ಟವಾಗಿ ಅಲ್ಲಗಳೆಯದ ಮಾತನ್ನು ಒಪ್ಪಿದಂತೆ ಎಂದೇ ಸಿವಿಲ್ ಪ್ರಕ್ರಿಯಾ ಸಂಹಿತೆ ಎಣಿಸುತ್ತದೆ. ಯಾವ ತಾರೀಖಿನ ಜಮೆ ಉತಾರದಲ್ಲಿಲ್ಲ, ಯಾವ ತಿಂಗಳಿಂದ ಬಡ್ಡಿದರ ಏರಿತು, ವಿಮೆಯ ಹಣ ಯಾರ ಒಪ್ಪಿಗೆಯಿಂದ ಖರ್ಚು ಬಿತ್ತು, ಇವನ್ನು ಒಂದೊಂದಾಗಿ ಬರೆಸಿ. ಪಾಸ್‌ಬುಕ್, ರಸೀದಿ, ಸಾಲದ ಕರಾರನ್ನು ವಕೀಲರ ಮುಂದಿಡಿ. ಸಾಲ ಕೊಟ್ಟ ದಿನದಿಂದ ಪೂರ್ತಿ ಉತಾರ ಹಾಜರುಪಡಿಸುವಂತೆ ಆದೇಶ ಕೋರಿ ಅರ್ಜಿಯನ್ನೂ ಹಾಕಬಹುದು.

ಉತಾರದಲ್ಲಿ ಮೊದಲು ನೋಡಬೇಕಾದದ್ದು ದಂಡದ ಸಾಲುಗಳನ್ನು. ದಂಡಬಡ್ಡಿಯನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸಕೂಡದೆಂದು ಸೆಂಟ್ರಲ್ ಬ್ಯಾಂಕ್ ವಿರುದ್ಧ ರವೀಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲಿ ಹೇಳಿದೆ. ರಿಸರ್ವ್ ಬ್ಯಾಂಕಿನ 2023ರ ಆಗಸ್ಟ್ 18ರ ಸುತ್ತೋಲೆ ಇನ್ನೂ ಮುಂದೆ ಹೋಗಿ, ಕಂತು ತಪ್ಪಿದ್ದಕ್ಕೆ ಬಡ್ಡಿದರವನ್ನೇ ಏರಿಸಿ ದಂಡ ಹಾಕುವುದನ್ನು ನಿಲ್ಲಿಸಿ, ಪ್ರತ್ಯೇಕ ದಂಡಶುಲ್ಕ ಮಾತ್ರ ಸಾಕೆಂದಿತು. ಒಂದು ಮಿತಿಯನ್ನೂ ಹೇಳಲೇಬೇಕು. ಕರಾರಿನ ಬಡ್ಡಿ ವಿಪರೀತವೆಂಬ ಒಂದೇ ಕಾರಣಕ್ಕೆ ಬ್ಯಾಂಕ್ ಸಾಲದ ಲೆಕ್ಕವನ್ನು ಕೋರ್ಟ್ ಮತ್ತೆ ತೆರೆಯುವುದಿಲ್ಲ. ಕರಾರು ಮೀರಿ ಹಾಕಿದ್ದರೆ ಮಾತ್ರ ವಾದಕ್ಕೆ ಬಲ.

ಎಲ್ಲ ಸಾಲವೂ ಸಿವಿಲ್ ಕೋರ್ಟಿಗೆ ಬರುವುದಿಲ್ಲ. ಅಡವಿಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ಸ್ವಾಧೀನಕ್ಕೆ ತಗೊಳ್ಳಲು ಬಿಡುವ 2002ರ ಸರ್ಫೇಸಿ ಕಾಯ್ದೆಯನ್ನು ಬ್ಯಾಂಕು ಹಿಡಿದರೆ 60 ದಿನದ ನೋಟಿಸ್ ಕೊಟ್ಟು ಬಾಕಿಯ ವಿವರ ಅದರಲ್ಲೇ ತೋರಿಸಬೇಕು. ನೀವು ಬರಹದಲ್ಲಿ ತಕರಾರು ಕೊಟ್ಟರೆ, ಅದನ್ನು ಒಪ್ಪದ ಬ್ಯಾಂಕು 15 ದಿನದೊಳಗೆ ಕಾರಣ ತಿಳಿಸಬೇಕು. ಮನೆ ಸ್ವಾಧೀನಕ್ಕೆ ಕೈಹಾಕಿದರೆ 45 ದಿನದೊಳಗೆ ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕು. ಬೀಳಗಿಯಿಂದ ಅದು ದೂರದ ದಾರಿ, ಆದ್ದರಿಂದ ನೋಟಿಸಿಗೆ ಕೊಡುವ ಮೊದಲ ಉತ್ತರದಲ್ಲೇ ಲೆಕ್ಕದ ತಕರಾರೆಲ್ಲ ಬರಲಿ. ಸಹಕಾರ ಬ್ಯಾಂಕುಗಳಿಗೂ ಈ ಕಾಯ್ದೆ ಅನ್ವಯಿಸುತ್ತದೆಂದು 2020ರಲ್ಲಿ ತೀರ್ಮಾನವಾಗಿದೆ.

ವಕೀಲರ ಫೀ ಕಟ್ಟಲಾಗದವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಅಲ್ಲಿ ಆದಾಯದ ಮಿತಿಯಿಲ್ಲ. ಗೃಹಸಾಲದ ಕಾಗದಕ್ಕೆ ಹೆಂಡತಿಯ ಸಹಿಯೂ ಇದ್ದು ಅವರೂ ಪ್ರತಿವಾದಿಯಾಗಿದ್ದರೆ, ತಮ್ಮ ಹೆಸರಿನಲ್ಲೇ ಉಚಿತ ವಕೀಲರನ್ನು ಕೇಳುವ ಹಕ್ಕು ಅವರಿಗಿದೆ.